ಪೆಟ್ಟಿಗೆಯಲ್ಲಿ ಬಂದ ಮಂಚ

"ಇಲ್ಲಿ ಮೊನ್ನೆ ಗಲ್ಫಿನಿಂದ ಬಂದವರ ಮನೆ ಎಲ್ಲಿ?"

ಕುಂಬ್ಡಾಜೆಯ ಯಾವುದೋ ಗುಡ್ಡದ ತಿರುವಿನಲ್ಲಿ ಆಟೋದಿಂದ ತಲೆ ಹೊರಗೆ ಹಾಕಿ, ರಬ್ಬರ್ ಶೀಟು ಒಣಗಲು ಹಾಕುತ್ತಿದ್ದ ಒಬ್ಬರನ್ನು ಕೇಳಿದೆ. ಮಸ್ಕತ್ತಿನಲ್ಲಿ, ನೈರೋಬಿಯಲ್ಲಿ, ಶಾರ್ಜಾದಲ್ಲಿ ಯಾರನ್ನೂ ದಾರಿ ಕೇಳದೆ ತಿರುಗಿದವಳು ನಾನು. ಸ್ವಂತ ಜಿಲ್ಲೆಗೆ ಬಂದ ಮೇಲೆ ಬೆಳಗ್ಗಿನಿಂದ ಒಂದೇ ಬಸ್‌ಸ್ಟಾಪಿಗೆ ಪ್ರದಕ್ಷಿಣೆ ಬರುತ್ತಿದ್ದೆ.

"ಯಾವ ಗಲ್ಫು?" ಎಂದರು ಅವರು. "ದುಬೈಯವರು ಮೇಲೆ, ಕತಾರಿನವರು ಕೆಳಗೆ, ಕುವೈಟಿನವರು ತೋಡಿನ ಆಚೆ."

"ಶಾರ್ಜಾ."

"ಶಾರ್ಜಾವೂ ನಮಗೆ ದುಬೈಯೇ. ಹೆಸರೆಂತ?"

"ಹೆಸರು ಕೇಳಲಿಲ್ಲ."

ಅವರು ಕೈಯಲ್ಲಿದ್ದ ಶೀಟನ್ನು ಕೆಳಗಿಟ್ಟರು. ನಡುವಯಸ್ಸಿನ ಹೆಂಗಸೊಬ್ಬಳು ಹೆಸರೇ ಗೊತ್ತಿಲ್ಲದ ಗಂಡಸನ್ನು ಹುಡುಕಿಕೊಂಡು ಗುಡ್ಡ ಹತ್ತಿದ್ದಾಳೆ ಎಂದರೆ ಏನೇನು ಯೋಚಿಸಬಹುದೋ ಅಷ್ಟನ್ನೂ ನಿಂತಲ್ಲೇ ಯೋಚಿಸಿದರು. ವಿಷಯ ಸರಿಪಡಿಸೋಣವೆಂದು ನಾನು "ನನ್ನ ಮಂಚದ ಬೋಲ್ಟು ಅವರ ಹತ್ತಿರ ಉಂಟು" ಎಂದೆ. ಅದರಿಂದ ಅವರ ಯೋಚನೆ ಇನ್ನಷ್ಟು ದೂರ ಹೋಯಿತು.

ಇಂಥದ್ದು ನನಗೆ ಆಗುತ್ತಲೇ ಇರುತ್ತದೆ. ಮಂಚ ಬೇಕೆಂದರೆ ಉಳಿದವರು ಅಂಗಡಿಗೆ ಹೋಗಿ ಮಂಚ ತರುತ್ತಾರೆ. ನಾನು ಮಂಚಕ್ಕೆಂದು ಹೊರಟರೆ ಊರಿಗೊಂದು ಕಥೆ ತರುತ್ತೇನೆ.

ಮೊಣಕಾಲಿನ ಮದ್ದು

ನಡೆದದ್ದು ಇಷ್ಟು. ಲ್ಯಾಬ್ ಟೆಕ್ನೀಶಿಯನ್ ಕೆಲಸ ಹಿಡಿದು ದೇಶ ದೇಶ ಸುತ್ತಿದ ನಾನು ಪ್ರತಿ ಸಲ ಮನೆ ಬಿಡುವಾಗ ಮಂಚ, ಮೇಜುಗಳನ್ನು ಯಾರ್‍ಯಾರಿಗೋ ಕೊಟ್ಟು ಬಂದವಳು. ಕೊನೆಗೆ ಶಾರ್ಜಾದಲ್ಲಿ ಒಂದು ಮಂಚ ಕಂಡಿತು. ರಟ್ಟಿನ ಪೆಟ್ಟಿಗೆಯಲ್ಲಿ ಹಲಗೆ ಹಲಗೆಯಾಗಿ ಬರುತ್ತದೆ, ನಾವೇ ಜೋಡಿಸಬೇಕು, ಬೇಡವೆಂದಾಗ ನಾವೇ ಬಿಚ್ಚಬಹುದು. ಕಾಸರಗೋಡಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಊರಿಗೆ ಹೊರಟಾಗ ಅದನ್ನು ಬಿಚ್ಚಿ ಕಾರ್ಗೋದಲ್ಲಿ ಕಳಿಸಿದೆ. ಬೋಲ್ಟುಗಳು ದಾರಿಯಲ್ಲಿ ಕಳೆದುಹೋದಾವೆಂದು ಬಹಳ ಬುದ್ಧಿ ಉಪಯೋಗಿಸಿ, ಬೋಲ್ಟು, ಕೀಲಿ, ಸಣ್ಣ ಮರದ ಕಡ್ಡಿಗಳಿದ್ದ ಪೊಟ್ಟಣವನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಂಡೆ.

ವಿಮಾನ ನಿಲ್ದಾಣದಲ್ಲಿ "ಕಬ್ಬಿಣ ಕೈಯಲ್ಲಿ ಒಯ್ಯುವ ಹಾಗಿಲ್ಲ" ಎಂದರು. ನನ್ನ ದೊಡ್ಡ ಬ್ಯಾಗು ಆಗಲೇ ಒಳಗೆ ಹೋಗಿತ್ತು. ಪಕ್ಕದ ಸಾಲಿನಲ್ಲಿ ನಮ್ಮ ಕಡೆಯವರೊಬ್ಬರು, "ನನ್ನ ಬ್ಯಾಗಿಗೆ ಹಾಕಿ ಅಕ್ಕ, ಜಾಗ ಉಂಟು. ಕುಂಬ್ಡಾಜೆಗೆ ಬಂದು ಯಾರನ್ನು ಕೇಳಿದ್ರೂ ನಮ್ಮ ಮನೆ ಹೇಳ್ತಾರೆ" ಎಂದರು. ಈಗಿನ ಕಾಲವಾಗಿದ್ದರೆ ಇಬ್ಬರನ್ನೂ ಹಿಡಿದು ಕೂರಿಸುತ್ತಿದ್ದರು. ಮಂಗಳೂರಿನಲ್ಲಿ ಇಳಿದಾಗ ಅವರ ಮನೆಯವರೆಲ್ಲ ಸೇರಿ ಅವರನ್ನು ಎತ್ತಿಕೊಂಡೇ ಹೋದರು. ಬೋಲ್ಟೂ ಹೋಯಿತು.

ಕಡೆಗೂ ಮನೆ ಸಿಕ್ಕಿತು. ಅವರು ಸಂಭ್ರಮದಿಂದ, "ಬಂದ್ರಾ! ನಿಮ್ಮ ಸಾಮಾನು ಹಾಗೇ ಉಂಟು" ಎಂದು ಪೊಟ್ಟಣ ತಂದರು. ಹಾಗೇ ಏನೂ ಇರಲಿಲ್ಲ. ಬೋಲ್ಟು ಬಿಗಿಯುವ ಮಡಚಿದ ಕೀಲಿ ಅಡುಗೆಮನೆಯಲ್ಲಿತ್ತು. "ಗ್ಯಾಸಿನ ಬರ್ನರ್ ಕೆದಕಲಿಕ್ಕೆ ಭಾರೀ ಲಾಯ್ಕ ಅಕ್ಕ." ಹಲಗೆಗಳ ನಡುವೆ ತುರುಕುವ, ಕಿರುಬೆರಳಿನಷ್ಟು ಉದ್ದದ ಮರದ ಕಡ್ಡಿಗಳಂತೂ ಒಂದೂ ಇರಲಿಲ್ಲ.

ಅಷ್ಟರಲ್ಲಿ ಅವರ ತಾಯಿ ಒಳಗಿನಿಂದ ಚುರುಕಾಗಿ ನಡೆದು ಬಂದರು. "ಆ ಬೇರಾ? ಅದು ಕಾಲುನೋವಿಗೆ ನೀವು ಕೊಟ್ಟದ್ದಲ್ವಾ? ಕುದಿಸಿ ಕುದಿಸಿ ಕಷಾಯ ಕುಡಿದೆ."

ನಾನು ಗಾಬರಿಯಾಗಿ ಕೇಳಿದೆ. "ಎಂತಾದ್ರೂ ಆಯ್ತಾ ಅಮ್ಮ?"

"ಆಗದೆ? ನೋವು ಅರ್ಧಕ್ಕರ್ಧ ಇಳಿದಿದೆ. ಮುಂದಿನ ಸಲ ಬರುವಾಗ ಸ್ವಲ್ಪ ಜಾಸ್ತಿ ತನ್ನಿ ಮಗಾ. ಈ ಕಬ್ಬಿಣ ಎಲ್ಲ ಬೇಡ, ಬೇರು ಮಾತ್ರ ಸಾಕು."

ನೂರು ವರ್ಷದ ಲೆಕ್ಕ

ಮನೆ ಎಂದರೆ ನಾಯ್ಮಾರ್ಮೂಲೆಯಲ್ಲಿ ಬಾಡಿಗೆಗೆ ಹಿಡಿದ ಮಹಡಿ. ಕೆಳಗೆ ಮನೆಯೊಡತಿ ಇದ್ದರು. ಬ್ಯಾರಿ ಮನೆತನ, ಮಗ ಬಹರೈನಿನಲ್ಲಿ, ಮಗಳಿಗೆ ಮದುವೆ ಗೊತ್ತಾಗಿತ್ತು. ಊರಿಗೆಲ್ಲ ಅವರು ಉಮ್ಮ, ಅಂದರೆ ಅಮ್ಮ. ನನಗೂ ಉಮ್ಮ, ಅವರಿಗೆ ನಾನು ಮೋಳೆ, ಅಂದರೆ ಮಗಳು.

ಎಡನೀರಿನಲ್ಲಿ ನನ್ನ ಅಕ್ಕ. ನನ್ನ ಮಂಚ ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆಯದ್ದು ಎಂದು ತಿಳಿದ ದಿನವೇ ಅಕ್ಕ ತೀರ್ಪು ಕೊಟ್ಟಳು. "ಹುಡಿಯಲ್ಲಿ ಮಂಚ ಮಾಡ್ತಾರಾ ಮಾರಾಯ್ತಿ? ಹುಡಿಯಲ್ಲಿ ಪುಟ್ಟು ಬೇಯಿಸ್ತಾರೆ. ಒಂದು ವರ್ಷ ಕೊಡ್ತೇನೆ. ಅಷ್ಟರೊಳಗೆ ನಿನ್ನ ಸಾಮಾನು ಮುರಿದು ಬಿದ್ರೆ ನೀನು ಗಂಟು ಕಟ್ಟಿ ನಮ್ಮ ಮಾಳಿಗೆಗೆ ಬರಬೇಕು. ಅಲ್ಲಿ ಹಲಸಿನ ಮಂಚ ಉಂಟು. ತಿರುಗಿದ್ದು ಸಾಕು."

"ಸರಿ. ಬೀಳದಿದ್ರೆ?"

"ಬೀಳ್ತದೆ."

ಅಕ್ಕನ ಮಾಳಿಗೆ ಒಳ್ಳೆಯ ಮಾಳಿಗೆಯೇ. ಗಾಳಿ ಉಂಟು, ಬೆಳಕುಂಟು. ಆದರೆ ಅಲ್ಲಿ ನಾನು ಚಪ್ಪಲಿ ಮೆಟ್ಟಿದರೆ ಕೆಳಗಿನಿಂದ "ಎಲ್ಲಿಗೆ?" ಎಂಬ ಪ್ರಶ್ನೆ ಬರುತ್ತದೆ. ನನ್ನ ಬಾಗಿಲಿನ ಕೀಲಿ ನನ್ನ ಚೀಲದಲ್ಲೇ ಇರಬೇಕು. ಹಲಗೆ ಹುಡಿಯದ್ದಾದರೂ ಹಠ ಗಟ್ಟಿ ಮರದ್ದು ಎಂದು ತೋರಿಸಿಯೇ ಸಿದ್ಧ ಎಂದುಕೊಂಡೆ.

ಮೊದಲು ಆ ಕಡ್ಡಿಗಳಾಗಬೇಕಿತ್ತು. ಚೆಂಗಳ ರಸ್ತೆಯ ಆಚಾರಿಯ ಹತ್ತಿರ ಹೋದೆ. ಅವರು ಉಮ್ಮನ ಮಗಳ ಮದುವೆಗೆ ತೇಗದ ಮಂಚ ಮಾಡುತ್ತಿದ್ದರು. ಮಂಚದಲ್ಲಿ ಸದ್ಯಕ್ಕೆ ಇದ್ದದ್ದು ತಲೆಯ ಕಡೆಯ ಹಲಗೆ ಮಾತ್ರ. ಅದರಲ್ಲೂ ಒಂದು ಮೂಲೆಯ ಒಂದು ಬಳ್ಳಿ.

ನನ್ನ ಕಡ್ಡಿಯ ಅಳತೆ ಕೇಳಿ ಅವರು ಬಹಳ ಹೊತ್ತು ನಕ್ಕರು. "ಅಕ್ಕ, ಇದು ಮಂಚಕ್ಕಾ, ಹಲ್ಲಿಗಾ?" ನಕ್ಕು ಮುಗಿದ ಮೇಲೆ ತೇಗದ ಹಲಗೆಯ ಮೇಲೆ ಕೈ ಸವರಿದರು. "ಇಂಥದ್ದು ಒಂದು ಮಾಡಿಸಿ. ನೂರು ವರ್ಷಕ್ಕೆ ಎಂತ ಆಗುವುದಿಲ್ಲ."

"ಆಚಾರ್ರೇ, ನನಗೆ ನೂರು ವರ್ಷ ಬೇಡ. ಇವತ್ತು ಮಲಗ್ಲಿಕ್ಕೆ ಆದ್ರೆ ಸಾಕು. ಉಮ್ಮನ ಮಂಚ ಯಾವಾಗ ಮುಗೀತದೆ?"

"ಬರುವ ವಾರ."

ಬರುವ ವಾರ ಹೋದೆ. ಬಳ್ಳಿಗೆ ಒಂದು ಎಲೆ ಬಂದಿತ್ತು. ಮಳೆಗಾಲ ಕಳೆದು ಹೋದೆ. ಒಂದು ಮೊಗ್ಗು. ಎಲ್ಲೋ ನಿಜವಾದ ಬಳ್ಳಿಯೇ ಇರಬೇಕು, ನೀರು ಹಾಕಿದರೆ ಬೇಗ ಬೆಳೆದೀತು ಎನಿಸಿತು. "ಆಚಾರ್ರೇ, ಹೀಗಾದ್ರೆ ವರ್ಷ ಹಿಡಿಯುವುದಿಲ್ವಾ?" ಎಂದೆ.

ಅವರು ಉಳಿ ಕೆಳಗಿಟ್ಟು ಶಾಂತವಾಗಿ ಹೇಳಿದರು. "ಹಿಡೀಲಿ ಅಕ್ಕ. ನೂರರಲ್ಲಿ ಒಂದು ಹೋದ್ರೆ ಅವರಿಗೆ ತೊಂಬತ್ತೊಂಬತ್ತು ಉಳೀತದಲ್ಲ!"

ನನ್ನ ಕಡ್ಡಿಗಳನ್ನು ಅವರಿಗೆ ಕಾಯದೆ ನಾನೇ ತಯಾರಿಸಿದ್ದೆ. ತೆಂಗಿನ ಸೋಗೆಯ ದಿಂಡು, ಅಡುಗೆಮನೆಯ ಚೂರಿ, ಹಠ.

ನೋಡುವ ಕೂಲಿ

ಮಂಚ ನಿಂತಿತು. ಧೈರ್ಯ ಬಂದು ಮಂಗಳೂರಿನಿಂದ ಅದೇ ಜಾತಿಯ ಒಂದು ಕಪಾಟು, ಒಂದು ಊಟದ ಮೇಜು ತರಿಸಿದೆ. ಲಾರಿಯವನು ಪೆಟ್ಟಿಗೆಗಳನ್ನು ನಾಯ್ಮಾರ್ಮೂಲೆಯ ಪೇಟೆಯಲ್ಲೇ ಇಳಿಸಿ ಹೋದ. ನಾನು ಪೆಟ್ಟಿಗೆ ಒಡೆದು ಒಂದೊಂದೇ ಹಲಗೆ ಹೊತ್ತುಕೊಂಡು ಮನೆಗೂ ಪೇಟೆಗೂ ಓಡಾಡತೊಡಗಿದೆ. ಲೋಡಿಂಗಿನವರು ಮೂವರು ಬಂದು ದಾರಿಗೆ ಅಡ್ಡ ನಿಂತರು.

"ಇಲ್ಲಿ ಇಳಿಸಿದ ಸಾಮಾನು ನಾವು ಎತ್ತಬೇಕು ಅಕ್ಕ."

"ನಾನೇ ಎತ್ತಿ ಆಯ್ತಲ್ಲ."

"ಹಾಗಾದ್ರೆ ನೋಕ್ಕುಕೂಲಿ ಕೊಡಿ." ನಮ್ಮ ರಾಜ್ಯದಲ್ಲಿ ಹಾಗೊಂದು ಉಂಟು. ಬೇರೆಯವರು ಎತ್ತಿದ್ದನ್ನು ನಿಂತು ನೋಡಿದ್ದಕ್ಕೆ ಕೂಲಿ.

ನಾನು ಆಫ್ರಿಕಾದ ಬಂದರಿನಲ್ಲಿ ಸುಂಕದವರ ಜೊತೆ ಚೌಕಾಸಿ ಮಾಡಿ ಬಂದವಳು. "ಕೊಡ್ತೇನೆ. ಆದ್ರೆ ಪೂರ್ತಿ ನೋಡಬೇಕು. ಅರ್ಧ ನೋಡಿದವರಿಗೆ ಕೊಡುವುದಿಲ್ಲ" ಎಂದು ಮೂವರನ್ನೂ ಮಹಡಿಗೆ ಕರೆದುಕೊಂಡು ಹೋಗಿ ಸಾಲಾಗಿ ಕೂರಿಸಿದೆ.

ಕಪಾಟಿನ ಜೊತೆ ಬಂದ ಚಿತ್ರದ ಹಾಳೆ ಬಿಡಿಸಿದೆ. ಹಲಗೆ ಅದಲುಬದಲಾಯಿತು, ಬಿಚ್ಚಿದೆ. ಬಾಗಿಲು ತಲೆಕೆಳಗಾಯಿತು, ಪುನಃ ಬಿಚ್ಚಿದೆ. ಅವರು ನೋಡಿದರು. ಒಬ್ಬರು ಮೆಲ್ಲ ಎದ್ದಾಗ "ನೋಡಿ ಮುಗಿಯಲಿಲ್ಲ" ಎಂದು ಕೂರಿಸಿದೆ. ಊಟದ ಹೊತ್ತು ದಾಟಿತು. ಹಿರಿಯವರು ತಡೆಯಲಾರದೆ, "ಆ ಹಲಗೆ ಆಚೆ ತಿರುಗಿಸಿ ಅಕ್ಕ" ಎಂದರು.

"ನೀವು ಮಾತಾಡಬಾರದು. ನೋಡುವುದು ಮಾತ್ರ ನಿಮ್ಮ ಕೆಲಸ."

ಸಾಯಂಕಾಲ ಚಾ ಕುಡಿಸುವಷ್ಟರಲ್ಲಿ ಅವರ ಮುಖ ಬಾಡಿಹೋಗಿತ್ತು. ನಾನು ಪರ್ಸು ತೆರೆಯಹೋದರೆ ಮೂವರೂ ಒಟ್ಟಿಗೆ ಎದ್ದು ನಿಂತರು. "ಕೂಲಿ ಬೇಡ ಅಕ್ಕ. ಆ ಮೇಜನ್ನೂ ನಾವೇ ಜೋಡಿಸಿ ಕೊಡ್ತೇವೆ. ನಮ್ಮನ್ನು ಬಿಟ್ಟುಬಿಡಿ."

ಮೇಜು ತುಂಬಿಕೊಂಡದ್ದು

ನಾನು ಲ್ಯಾಬಿಗೆ ಹೋಗಿದ್ದ ಒಂದು ದಿನ ಅಕ್ಕ ಬಂದು, ಉಮ್ಮನ ಹತ್ತಿರ ಇನ್ನೊಂದು ಕೀಲಿ ಇಸಿದುಕೊಂಡು ಮಹಡಿ ಹತ್ತಿದ್ದಳು. ಹಬ್ಬ ಹತ್ತಿರ ಬಂದಿತ್ತು. ಹಬ್ಬದ ಮೊದಲು ನಮ್ಮಲ್ಲಿ ಮರದ ಸಾಮಾನುಗಳನ್ನೆಲ್ಲ ಅಂಗಳಕ್ಕೆ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ತೊಳೆಯುವ ಕ್ರಮ. ಪಾಪ ತಂಗಿಗೆ ಪುರುಸೊತ್ತಿಲ್ಲ ಎಂದು ಅಕ್ಕ ಊಟದ ಮೇಜನ್ನು ಟೆರೇಸಿಗೆ ಎಳೆದು, ಬಾಲ್ದಿ ಬಾಲ್ದಿ ನೀರು ಸುರಿದು, ಎಮ್ಮೆ ಮೀಯಿಸಿದ ಹಾಗೆ ಮೀಯಿಸಿ, ಒರಲೆ ಹುಳ ಹಿಡಿಯದಿರಲಿ ಎಂದು ಊರಿನಿಂದ ತಂದ, ಗೇರುಬೀಜದ ಸಿಪ್ಪೆಯ ಗೇರೆಣ್ಣೆಯನ್ನೂ ಬಳಿದಿದ್ದಳು.

ನಾನು ಬರುವಾಗ ಮೇಜಿನ ಕಾಲುಗಳಿಗೆ ಬಾವು ಬಂದಿತ್ತು. ಅಂಚುಗಳು ನೆನೆಹಾಕಿದ ಕಡಲೆಯಂತೆ ಉಬ್ಬಿದ್ದವು. ಮೇಲೆ ಗೇರೆಣ್ಣೆಯ ಕಪ್ಪು. ಆಫ್ರಿಕಾದಲ್ಲೂ ನಾನು ಅಷ್ಟು ಕಪ್ಪಗಿನ ಮೇಜು ನೋಡಿರಲಿಲ್ಲ.

"ಅಕ್ಕಾ! ಇದು ನೀರು ಕುಡೀತದೆ. ತೊಳೆಯುವ ಹಾಗಿಲ್ಲ!"

ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಮೇಜನ್ನು ಸುತ್ತಿ ಬಂದು ತೃಪ್ತಿಯಿಂದ ಹೇಳಿದಳು. "ಒಳ್ಳೆಯದೇ ಆಯ್ತಲ್ಲ. ಮೊದಲು ತೀರಾ ಸಪೂರ ಇತ್ತು. ಈಗ ಸ್ವಲ್ಪ ತುಂಬಿಕೊಂಡಿದೆ."

ವಾಸನೆ ಇಲ್ಲದ ಪೇಂಟು

ಹಬ್ಬ ಕಳೆದ ಮೇಲೆ ಒಂದು ಆದಿತ್ಯವಾರ ಅಕ್ಕ, ಬಾವ ಊಟಕ್ಕೆ ಬರುತ್ತೇವೆಂದು ಫೋನ್ ಮಾಡಿದರು. ಊಟದ ನೆಪ, ತಪಾಸಣೆಯ ಉದ್ದೇಶ. ಬಾವ ಸಾಮಾನು ಹೇರುವ ಜೀಪಿನಲ್ಲೇ ಬರುವವರು ಎಂದೂ ಗೊತ್ತಾಯಿತು.

ಬಂಗುಡೆ ಸಾರು, ಪಲ್ಯ, ಪಾಯಸ ಎಲ್ಲ ಮೇಜಿನ ಮೇಲೆ ಇಟ್ಟೆ. ಕೊನೆಗೆ ಅನ್ನದ ಪಾತ್ರೆ ಇಡುವಾಗ ತುಂಬಿಕೊಂಡಿದ್ದ ಕಾಲುಗಳಲ್ಲಿ ಒಂದು ನಿಧಾನವಾಗಿ ಮಂಡಿಯೂರಿತು. ಒಂದು ನಿಮಿಷದಲ್ಲಿ ಬಂಗುಡೆ ಪಾಯಸದಲ್ಲಿ, ಪಾಯಸ ನೆಲದಲ್ಲಿ.

ಸದ್ದು ಕೇಳಿ ಉಮ್ಮ ಏದುಸಿರು ಬಿಡುತ್ತ ಮೇಲೆ ಬಂದರು. ಪಂಥದ ವಿಷಯ ಅವರಿಗೆ ಗೊತ್ತಿತ್ತು. ನೆಲ ನೋಡಿದರು, ನನ್ನನ್ನು ನೋಡಿದರು, ಕಿಟಕಿಯಿಂದ ರಸ್ತೆ ನೋಡಿದರು. ಜೀಪು ತಿರುಗುತ್ತಿತ್ತು. ಹಿಂದುಗಡೆ ಹಗ್ಗದ ಸುರುಳಿ.

"ಮೋಳೆ, ಬಾಗಿಲಿಗೆ ಬೀಗ ಹಾಕಿ ಕೆಳಗೆ ಬಾ."

ಅಂಗಳದಲ್ಲಿ ಉಮ್ಮ ಕೈ ಅಗಲಿಸಿ ನಿಂತರು. "ಮೇಲೆ ಹೋಗ್ಬೇಡಿ, ಪೇಂಟಿಂಗ್ ಆಗ್ತಾ ಉಂಟು. ಇವತ್ತು ನೀವು ನನ್ನ ಅತಿಥಿಗಳು. ನೈಪತ್ತಿರಿ ರೊಟ್ಟಿ ಆಗಿದೆ, ಕೋಳಿ ಆಗಿದೆ."

ಅಕ್ಕ ಮೂಗು ಅರಳಿಸಿದಳು. "ಪೇಂಟಿಂಗಾ? ವಾಸನೆಯೇ ಇಲ್ಲ?"

ಉಮ್ಮ ರೆಪ್ಪೆ ಮಿಟುಕಿಸಲಿಲ್ಲ. "ಮಗ ಬಹರೈನಿನಿಂದ ಕಳಿಸಿದ್ದು. ಅಲ್ಲಿಯ ಪೇಂಟಿಗೆ ವಾಸನೆ ಇರುವುದಿಲ್ಲ."

ಗಡದ್ದಾಗಿ ಉಂಡರು. ಜೀಪು ಬರಿದಾಗಿಯೇ ಹೊರಟಿತು. ಗೇಟಿನ ಹತ್ತಿರ ಬಾವ ಬ್ರೇಕು ಹಾಕಿ ತಲೆ ಹೊರಗೆ ಹಾಕಿದರು. "ಉಮ್ಮ, ಮಗ ಬರುವಾಗ ಆ ಪೇಂಟು ನಮಗೂ ಎರಡು ಡಬ್ಬಿ ತರಿಸಿಕೊಡ್ತೀರಾ? ನನಗೆ ವಾಸನೆ ಹಿಡಿದ್ರೆ ತಲೆನೋವು."

ಉಮ್ಮ ನನ್ನ ಕಡೆ ತಿರುಗಿದರು. "ನೋಡಿದ್ಯಾ? ಒಂದು ಸುಳ್ಳು ಹೇಳಿದ್ದಕ್ಕೆ ಎರಡು ಡಬ್ಬಿ. ನನಗೆ ಇದೆಲ್ಲ ಅಭ್ಯಾಸ ಇಲ್ಲ ಮೋಳೆ. ಇದು ನಿನ್ನ ಮೇಲೆ ಸಾಲ. ಎಂದಾದ್ರೂ ತೀರಿಸಬೇಕು."

ಅರ

ಆ ದಿನ ಬೇಗ ಬಂತು. ಉಮ್ಮನ ಮಗಳ ಮದುವೆ. ಇಲ್ಲಿ ಮದುಮಗ, ಅಂದರೆ ಪುದಿಯಾಪ್ಲೆ, ಹೆಣ್ಣಿನ ಮನೆಗೆ ಬಂದು ಉಳಿಯುವ ಪದ್ಧತಿ. ಅವನಿಗಾಗಿ ಹೆಣ್ಣಿನ ಮನೆಯವರು ಅಲಂಕರಿಸುವ ಕೋಣೆಗೆ 'ಅರ' ಎನ್ನುತ್ತಾರೆ. ಅವನಿಗಿಂತ ಮೊದಲು ಅವನ ಕಡೆಯ ಹೆಂಗಸರು ಬಂದು ಅರ ನೋಡುತ್ತಾರೆ. ನೋಡುವುದೆಂದರೆ ಬಾಗಿಲಲ್ಲಿ ನಿಂತು ಇಣುಕುವುದಲ್ಲ. ಹೊದಿಕೆ ಮುಟ್ಟುತ್ತಾರೆ, ಕಪಾಟು ತೆರೆಯುತ್ತಾರೆ, ಮಂಚದ ಮೇಲೆ ಕೂತು ಏಳುತ್ತಾರೆ. ಅಲ್ಲಿ ಕಂಡದ್ದು ಮರುದಿನ ಮೂರು ಪಂಚಾಯತಿಗೆ ಗೊತ್ತಿರುತ್ತದೆ.

ಹೆಂಗಸರು ಮಧ್ಯಾಹ್ನ ಬರುವವರು. ಬೆಳಗ್ಗೆ ಆಚಾರಿ ಬಂದರು. ತಲೆಯ ಕಡೆಯ ಹಲಗೆ ತಂದಿದ್ದರು. ಹೂವು, ಬಳ್ಳಿ, ಮೊಗ್ಗು, ಕಣ್ಣು ಕುಕ್ಕುವಂಥ ಕೆಲಸ. ಉಮ್ಮ ಅವರ ಹಿಂದೆ ನೋಡಿದರು. "ಉಳಿದದ್ದು?"

"ಬರುವ ವಾರ."

ಉಮ್ಮ ಬೈಯಲೂ ಇಲ್ಲ, ಅಳಲೂ ಇಲ್ಲ. ಮಹಡಿ ಹತ್ತಿ ಬಂದು ನನ್ನ ಕೋಣೆಯಲ್ಲಿ ನಿಂತು ನನ್ನ ಮಂಚವನ್ನೇ ನೋಡತೊಡಗಿದರು. ನಾನು ಬೋಲ್ಟಿನ ಕೀಲಿ ಕೈಗೆ ತೆಗೆದುಕೊಂಡೆ.

ಮಂಚ ಬಿಚ್ಚಿ, ಹಲಗೆ ಹಲಗೆಯಾಗಿ ಆ ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಇಳಿಸಿ, ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಕೊಡುವಷ್ಟರಲ್ಲಿ ಅರದಲ್ಲಿ ಜೋಡಿಸಿ ನಿಲ್ಲಿಸಿದೆ. ಆಚಾರಿಯ ಹಲಗೆಯನ್ನು ಅದರ ತಲೆಗೆ ಒತ್ತಿ ಗೋಡೆಗೆ ಆನಿಸಿದೆವು. ಶಾಸ್ತ್ರದ ಲೆಕ್ಕಕ್ಕೆಂದು ಅವರು ಅಲ್ಲಲ್ಲಿ ಅಂಗುಲ ಸೇರಿಸಿದ್ದರಿಂದ ಅದು ಎರಡೂ ಬದಿ ನಾಲ್ಕು ಬೆರಳು ಹೊರಗೆ ಚಾಚಿತ್ತು. ಅಲ್ಲಿ ಮಲ್ಲಿಗೆ ಇಳಿಬಿಟ್ಟೆವು. ಝರಿಯ ಹೊದಿಕೆ, ನೆಲ ಮುಟ್ಟುವ ಝಾಲರಿ. ತಲೆ ತೇಗದ್ದು, ದೇಹ ಹುಡಿಯದ್ದು. ಹೊರಗಿನಿಂದ ನೋಡಿದರೆ ಒಂದೇ ಮನೆತನದ ಹಾಗಿತ್ತು.

ಹೆಂಗಸರು ಬಂದರು. ಅವರೊಂದಿಗೆ, ಉಮ್ಮ ಪ್ರೀತಿಯಿಂದ ಕರೆದಿದ್ದ ನನ್ನ ಅಕ್ಕ.

ಪುದಿಯಾಪ್ಲೆಯ ದೊಡ್ಡಮ್ಮ ಮಂಚದ ಸುತ್ತ ಬಂದು, "ಮರ ಯಾವುದು?" ಎಂದು ಕೇಳಿದರು. ಉಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಮುಂದೆ ಬಂದಳು. ಮರದ ವಿಷಯದಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಅವಳಿಗೆ ಸುಮ್ಮನಿರಲು ಆಗುವುದಿಲ್ಲ. ತಲೆಯ ಹಲಗೆಗೆ ಬೆರಳ ಗಂಟಿನಿಂದ ಟಕ್ ಟಕ್ ಎಂದು ಬಡಿದಳು.

"ತೇಗ. ಸ್ವರ ಕೇಳಿದ್ರಲ್ಲ? ಬನ್ನಿ, ಬನ್ನಿ, ಕೂತು ನೋಡಿ."

ಅಕ್ಕ ಕೂತಳು. ದೊಡ್ಡಮ್ಮನನ್ನು ಎಳೆದು ಕೂರಿಸಿದಳು. ಇನ್ನಿಬ್ಬರು ಚಿಕ್ಕಮ್ಮಂದಿರು ಕೂತರು. ನಾಲ್ವರೂ ಬಾಳಿ ಬದುಕಿದ ಮೈಕಟ್ಟಿನವರು. ನಾನು ನನ್ನ ಸೋಗೆ ದಿಂಡಿನ ಕಡ್ಡಿಗಳನ್ನು ನೆನೆದೆ. ಮಂಚ ಕಮಕ್ ಕಿಮಕ್ ಎನ್ನಲಿಲ್ಲ.

"ಕಿರ್ ಅಂತಾದ್ರೂ ಹೇಳಿತಾ?" ಅಕ್ಕ ಕೂತಲ್ಲೇ ಒಮ್ಮೆ ಕುಲುಕಿ ನೋಡಿ, ಎಲ್ಲರ ಎದುರು ನನ್ನ ಕಡೆ ಬೆರಳು ಮಾಡಿದಳು. "ನೋಡಿಕೋ. ಮಂಚ ಅಂದ್ರೆ ಇದು! ನಿನ್ನ ಹುಡಿ ಮಂಚದಲ್ಲಿ ನಾವು ನಾಲ್ಕು ಜನ ಕೂತಿದ್ರೆ ನಾಳೆ ಪೇಪರಿನಲ್ಲಿ ಬರ್ತಿತ್ತು!"

ಹೆಂಗಸರೆಲ್ಲ ನಕ್ಕರು. ನನ್ನ ನಾಲಿಗೆ ತುದಿಯಲ್ಲಿ ಒಂದೇ ಒಂದು ಮಾತು ಕುಣಿಯುತ್ತಿತ್ತು. ಝಾಲರಿ ಒಂದು ಗೇಣು ಎತ್ತಿದರೆ ಸಾಕು, ವರ್ಷದ ವಾದ ಗೆದ್ದೆ. ಸಾಕ್ಷಿ ನಾಲ್ಕು ಜನ, ಅದೂ ಅಷ್ಟು ತೂಕದವರು. ಬಾಗಿಲಲ್ಲಿ ಉಮ್ಮ ಶರಬತ್ತಿನ ತಟ್ಟೆ ಹಿಡಿದು ನಿಂತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ.

ನಾನು ನುಂಗಿಕೊಂಡೆ.

"ಹೌದಕ್ಕ," ಎಂದೆ. "ಮರ ಅಂದ್ರೆ ಮರವೇ. ನನಗೂ ಇಂಥದ್ದೇ ಮಂಚ ಬೇಕು."

ಅಕ್ಕನ ಮುಖ ಅರಳಿತು. "ಹಾಗೆ ಹೇಳು! ಇಂಥ ಮಂಚ ಇದ್ರೆ ನೀನು ಎಡನೀರಿಗೆ ಎಂತಕ್ಕೆ ಬರಬೇ‌ಕು? ಇಲ್ಲೇ ಇರು, ನಿನ್ನ ಪಾಡಿಗೆ ಇರು. ಆದ್ರೆ ಇಂಥದ್ದೇ ಆಗಬೇಕು, ಒಂದು ನೂಲು ಕೂಡ ಬದಲಾಗಬಾರದು."

"ಒಂದು ನೂಲೂ ಬದಲಾಗುವುದಿಲ್ಲ ಅಕ್ಕ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೊಡುವಾಗ ಕೈ ಬಿಗಿಹಿಡಿಯುವ ಜಾತಿ ನನ್ನದಲ್ಲ. ದೊಡ್ಡಮ್ಮನ ಕಡೆ ತಿರುಗಿ ಶುರು ಮಾಡಿದೆ. "ಇದು ನಿಲಂಬೂರಿನ ಕಾಡಿನ ತೇಗ. ಎಷ್ಟೋ ಮಳೆಗಾಲ ನೆರಳಲ್ಲಿ ಒಣಗಿಸಿದ್ದು. ಹೀಗೆ ನಾಲ್ಕು ಜನ ಅಲ್ಲ, ಹತ್ತು ಜನ ಕೂತ್ರೂ, ಇದರ ಕಾಲು ಉಂಟಲ್ಲ, ಒಂದೇ ಮರದ್ದು..."

ಉಮ್ಮ ಜನರನ್ನು ಸೀಳಿಕೊಂಡು ಬಂದು ಶರಬತ್ತಿನ ಮೊದಲ ಲೋಟವನ್ನು ನನ್ನ ಬಾಯಿಗೇ ಹಿಡಿದರು.

"ಕುಡಿ ಮೋಳೆ," ಎಂದು ಗಟ್ಟಿಯಾಗಿ ಹೇಳಿ, ಕಿವಿಯ ಹತ್ತಿರ ಬಗ್ಗಿದರು. "ಸಾಲ ತೀರಿತು, ಇನ್ನು ಸಾಕು. ನಮ್ಮಲ್ಲಿ ಬಡ್ಡಿ ತಕ್ಕೊಳ್ಳುವ ಹಾಗಿಲ್ಲ."